ಮನೆಯಲ್ಲಿ ಪುಟ್ಟ ಬಾತು ಸಾಕುದು ಹೇಗೆ, ಅದೂ ನಮ್ಮ ಕರಾವಳಿ ಮಳೆಯಲ್ಲಿ

ಬಾತು ಅಂದ್ರೆ ನೀರು, ನಮ್ಮ ಕಡೆ ನೀರಿಗೇನೂ ಬರ ಇಲ್ಲ, ಹಾಗಿರುವಾಗ ಒಂದು ಬಾತು ಸಾಕ್ಲಿಕ್ಕೆ ಎಂತ ಕಲೀಲಿಕ್ಕುಂಟು ಅಂತ ತುಂಬ ಜನ ಕೇಳ್ತಾರೆ. ಕಲೀಲಿಕ್ಕೆ ಉಂಟು ಮಾರಾಯ್ರೆ. ಮಂಗಳೂರು ಉಡುಪಿ ಅಂದ್ರೆ ವರ್ಷಕ್ಕೆ 3500 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ಜಾಗ, ಅದ್ರಲ್ಲೂ ಹೆಚ್ಚಿನದ್ದು ಜೂನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗೀತದೆ. ಇಲ್ಲಿ ಬಾತಿಗೆ ನೀರು ಕೊಡುದು ಕೆಲಸವೇ ಅಲ್ಲ. ಅದು ಮಲಗುವ ಜಾಗ, ತಿನ್ನುವ ಫೀಡು, ನಿಲ್ಲುವ ನೆಲ, ಈ ಮೂರನ್ನು ನಾಲ್ಕು ತಿಂಗಳು ಚಂಡಿ ಆಗದ ಹಾಗೆ ನೋಡ್ಕೊಳ್ಳುದೇ ಕೆಲಸ. ನಮ್ಮೂರಲ್ಲಿ ಸಾಕಿದ ಬಾತು ಸಾಯುವ ಕಾರಣ ಹುಡುಕಿದ್ರೆ ಹೆಚ್ಚಾಗಿ ಈ ಮೂರರಲ್ಲಿ ಒಂದು, ಇಲ್ಲದಿದ್ರೆ ನಾಯಿ ಅಥವಾ ಕೀರಿ. ಹಾಗಾಗಿ ಕೆಳಗೆ ಹೇಳಿದ್ದನ್ನೆಲ್ಲ ಈ ಲೆಕ್ಕದಲ್ಲೇ ಓದಿ.

ಮೊದಲು ಯಾವ ಬಾತು ಅಂತ. ಚಿಕ್ಕದು ಬೇಕು ಅಂತ ಎಲ್ಲರೂ ಕೇಳುದು ಕಾಲ್ ಡಕ್, ಫೋಟೋದಲ್ಲಿ ಗುಂಡು ಮುಖ ಪುಟ್ಟ ಕೊಕ್ಕು ಇರ್ತದಲ್ಲ ಅದು, ಮುಕ್ಕಾಲು ಕೆಜಿ ಕೂಡ ತೂಗುದಿಲ್ಲ. ನೋಡ್ಲಿಕ್ಕೆ ಚಂದವೇ, ಆದ್ರೆ ಅದನ್ನು ಹಿಂದೆ ಬೇಟೆಗಾರರು ಕಾಡು ಬಾತುಗಳನ್ನು ಕೂಗಿ ಕರೀಲಿಕ್ಕೆ ಅಂತಲೇ ಸಾಕ್ತಿದ್ದದ್ದು, ಸ್ವರ ಅಷ್ಟು ಜೋರು, ಕದ್ರಿ ಬಿಜೈ ಕಡೆ ಹತ್ತಿರ ಹತ್ತಿರ ಮನೆ ಇರುವಲ್ಲಿ ಪಕ್ಕದವರ ಜೊತೆ ಮಾತು ಬಿಡ್ಬೇಕಾದೀತು. ರೇಟೂ ಜಾಸ್ತಿ. ನನ್ನ ಪ್ರಕಾರ ನಮ್ಮ ಹವೆಗೆ ಹೊಂದುದು ಕೇರಳದ ಕುಟ್ಟನಾಡಿನ ನಾಟಿ ಬಾತು, ಚಾರ ಮತ್ತೆ ಚೆಂಬಲ್ಲಿ ಅಂತ ಎರಡು ಬಗೆ ಉಂಟು, ಇಲ್ಲದಿದ್ರೆ ಖಾಕಿ ಕ್ಯಾಂಬೆಲ್. ಖಾಕಿ ಕ್ಯಾಂಬೆಲ್ ಅಂದ್ರೆ 1900ರ ಆಸುಪಾಸಿನಲ್ಲಿ ಇಂಗ್ಲೆಂಡಿನ ಅಡೇಲ್ ಕ್ಯಾಂಬೆಲ್ ಎಂಬ ಹೆಂಗಸು ತನ್ನ ಮನೆಯಲ್ಲಿ ಬೇರೆ ಬೇರೆ ಬಾತು ಸೇರಿಸಿ ಮಾಡಿದ ತಳಿ, ಸಾಧಾರಣ 2 ಕೆಜಿ ಬರ್ತದೆ, ಮೊಟ್ಟೆ ವರ್ಷಕ್ಕೆ 250ರ ಮೇಲೆ ಇಡುವಂಥದ್ದು, ಸ್ವಲ್ಪ ಅಂಜುಬುರುಕ ಆದ್ರೂ ಮರಿಯಿಂದ ಕೈಯಲ್ಲೇ ಬೆಳೆದ್ರೆ ಹಿಂದೆ ಹಿಂದೆಯೇ ಬರ್ತದೆ. ಬೆಂಗಳೂರಿನ ಹೆಸರಘಟ್ಟದ ಕೇಂದ್ರ ಸರಕಾರದ ಕೋಳಿ ಫಾರ್ಮಿನಲ್ಲಿ ಖಾಕಿ ಕ್ಯಾಂಬೆಲ್, ವೈಟ್ ಪೆಕಿನ್ ಮರಿ ಮಾಡ್ತಾರೆ, ಹೋಗುವ ಮೊದಲು ಮರಿ ಉಂಟಾ ಅಂತ ವಿಚಾರಿಸಿ. ವೈಟ್ ಪೆಕಿನ್ ಬಿಳಿ ದೊಡ್ಡ ಬಾತು, ಸಾಧು, ಆದ್ರೆ 3 ಕೆಜಿ ದಾಟ್ತದೆ, ಭಾರಕ್ಕೆ ಕಾಲು ಸೋಲ್ತದೆ. ಮಸ್ಕೋವಿ ಅಂದ್ರೆ ಮುಖದಲ್ಲಿ ಕೆಂಪು ಗಂಟು ಗಂಟು ಇರುವಂಥದ್ದು, ಅದು ಕ್ವಾಕ್ ಅನ್ನುದಿಲ್ಲ, ಬುಸ್ ಅನ್ತದೆ ಅಷ್ಟೆ, ಗಲಾಟೆ ಆಗ್ಬಾರ್ದು ಅನ್ನುವವರಿಗೆ ಒಳ್ಳೇದು. ಆದ್ರೆ ಹಾರ್ತದೆ, ಉಗುರು ಚೂಪು, ಗಂಡು 4 ಕೆಜಿಯ ಮೇಲೆ ಹೋಗ್ತದೆ, ಅದನ್ನು ಪುಟ್ಟ ಬಾತು ಅಂತ ಹೇಳ್ಲಿಕ್ಕಾಗುದಿಲ್ಲ.

ಇನ್ನೊಂದು, ಗದ್ದೆ ಬದಿಯಲ್ಲಿ ಮಳೆಗಾಲದಲ್ಲಿ ಕೆಲವೊಮ್ಮೆ ಪುಟ್ಟ ಪುಟ್ಟ ಮರಿ ಸಿಗ್ತದೆ, ಕಪ್ಪು ಬಿಳಿ ಪಟ್ಟೆ ಪಟ್ಟೆ ಇರ್ತದೆ, ಅದು ಹೆಚ್ಚಾಗಿ ಸಿಳ್ಳೆ ಬಾತಿನ ಮರಿ, ಕಾಡು ಹಕ್ಕಿ. ಪಾಪ ಅಂತ ಮನೆಗೆ ತರ್ಬೇಡಿ. ತಾಯಿ ಹತ್ತಿರದಲ್ಲೇ ಎಲ್ಲೋ ಇರ್ತದೆ, ನೀವು ದೂರ ಹೋದ್ರೆ ಬಂದು ಕರ್ಕೊಂಡು ಹೋಗ್ತದೆ. ಮತ್ತೆ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅದನ್ನು ಸಾಕುದು ಅಪರಾಧ. ಗಾಯ ಆಗಿದ್ರೆ ಅರಣ್ಯ ಇಲಾಖೆಗೆ ಹೇಳಿ.

ಒಂದೇ ಒಂದು ಬೇಡ, ಎರಡು ತನ್ನಿ

ಈ ಒಂದು ವಿಷಯದಲ್ಲಿ ನಾನು ಯಾರ ಹತ್ರವೂ ರಾಜಿ ಮಾಡುದಿಲ್ಲ. ಬಾತು ಗುಂಪಿನ ಹಕ್ಕಿ. ಮೊಟ್ಟೆಯಿಂದ ಬಂದ ಮೊದಲ ಒಂದೆರಡು ದಿನದಲ್ಲಿ ಎದುರಿಗೆ ಓಡಾಡುವುದು ಯಾವುದೋ ಅದನ್ನೇ ತಾಯಿ ಅಂತ ಗಟ್ಟಿ ಮಾಡ್ಕೊಳ್ತದೆ, ಆಸ್ಟ್ರಿಯಾದ ಕೊನ್ರಾಡ್ ಲೊರೆನ್ಝ್ 1930ರ ದಶಕದಲ್ಲಿ ಹೆಬ್ಬಾತಿನ ಮರಿಗಳಲ್ಲಿ ಇದನ್ನೇ ತೋರಿಸಿದ್ದು, ಮರಿಗಳು ಸಾಲಾಗಿ ಅವರ ಹಿಂದೆಯೇ ಹೋಗ್ತಿದ್ದವು, ಹಕ್ಕಿ ಪ್ರಾಣಿಗಳ ನಡವಳಿಕೆಯ ಕೆಲಸಕ್ಕೆ 1973ರಲ್ಲಿ ಅವರಿಗೆ ನೊಬೆಲ್ ಕೂಡ ಸಿಕ್ಕಿತು. ಕೇಳ್ಲಿಕ್ಕೆ ಚಂದ ಕಾಣ್ತದೆ. ಆದ್ರೆ ನಿಮ್ಮ ಮಗುವನ್ನೇ ತಾಯಿ ಅಂತ ನಂಬಿದ ಒಂಟಿ ಮರಿ, ಮಗು ಬೆಳಿಗ್ಗೆ ಎಂಟಕ್ಕೆ ಶಾಲೆ ವ್ಯಾನ್ ಹತ್ತಿದ್ಮೇಲೆ ಸಂಜೆವರೆಗೆ ಗಂಟಲು ಒಣಗುವಷ್ಟು ಕೂಗ್ತದೆ, ತಿನ್ನುದು ಬಿಡ್ತದೆ. ಎರಡಿದ್ರೆ ಒಂದಕ್ಕೊಂದು ಧೈರ್ಯ, ರಾತ್ರಿ ಒಂದರ ಮೈಗೆ ಒಂದು ಅಂಟಿಕೊಂಡು ಮಲಗ್ತವೆ. ಎರಡಿದ್ರೆ ನಮ್ಮ ಮೇಲೆ ಪ್ರೀತಿ ಇರುದಿಲ್ಲ ಅಂತ ಹೇಳುದು ಸುಳ್ಳು, ದಿನಾ ಕೈಯಿಂದ ತಿನ್ಸಿದ್ರೆ ಎರಡೂ ಬಂದು ಕಾಲ ಹತ್ರ ಕೂತ್ಕೊಳ್ತವೆ.

ಎರಡರಲ್ಲಿ ಎರಡೂ ಹೆಣ್ಣಾದ್ರೆ ಬಹಳ ಒಳ್ಳೇದು. ಒಂದು ಗಂಡು ಒಂದು ಹೆಣ್ಣು ಅಂದ್ರೆ ಜೋಡಿ ಸರಿ ಆಯ್ತು ಅಂತ ಅನ್ಸ್ತದೆ, ಆದ್ರೆ ಗಂಡು ಪ್ರಾಯಕ್ಕೆ ಬಂದ್ಮೇಲೆ ಆ ಒಂದು ಹೆಣ್ಣನ್ನು ಬಿಡುದೇ ಇಲ್ಲ, ಕುತ್ತಿಗೆಯ ಗರಿಯೆಲ್ಲ ಕಿತ್ತು ಹಾಕ್ತದೆ, ಒಂದು ಗಂಡಿಗೆ ನಾಲ್ಕೈದು ಹೆಣ್ಣಾದ್ರೂ ಬೇಕು. ಕೋಳಿ ಇರುವ ಮನೆಯಾದ್ರೆ ಇನ್ನೂ ಜಾಗ್ರತೆ, ಗಂಡು ಬಾತು ಹೇಟೆಯ ಮೇಲೆ ಏರಿದ್ರೆ ಹೇಟೆಗೆ ಒಳಗೆ ಗಾಯ ಆಗಿ ಸಾಯ್ಬಹುದು. ಮರಿಯಲ್ಲಿ ಗಂಡು ಹೆಣ್ಣು ಗೊತ್ತಾಗುದು ಕಷ್ಟ. ಆರೆಂಟು ವಾರ ಆದ್ಮೇಲೆ ಸ್ವರ ಕೇಳಿ, ಎತ್ತಿ ಹಿಡಿದಾಗ ಕ್ವಾಕ್ ಕ್ವಾಕ್ ಅಂತ ಬೊಬ್ಬೆ ಹಾಕಿದ್ರೆ ಹೆಣ್ಣು, ಗಂಟಲು ಕಟ್ಟಿದ ಹಾಗೆ ಮೆಲ್ಲ ಕರಕರ ಅಂದ್ರೆ ಗಂಡು. ದೊಡ್ಡದಾದ ಮೇಲೆ ಗಂಡಿನ ಬಾಲದ ಮೇಲೆ ಒಂದೆರಡು ಗರಿ ಮೇಲಕ್ಕೆ ಸುರುಳಿ ಸುತ್ತಿಕೊಂಡಿರ್ತದೆ. ಮಸ್ಕೋವಿಗೆ ಈ ಎರಡು ಲೆಕ್ಕವೂ ಆಗುದಿಲ್ಲ.

ಬಾತು ಒಳ್ಳೆ ನೋಡ್ಕೊಂಡ್ರೆ ಏಳೆಂಟು ವರ್ಷ, ಹತ್ತು ವರ್ಷ ಕೂಡ ಬದುಕ್ತದೆ. ಎರಡನೇ ಕ್ಲಾಸಿನ ಮಗು ಹಠ ಮಾಡಿತು ಅಂತ ತಂದ್ರೆ ಅದು ಪಿಯುಸಿ ಬರೆಯುವಾಗಲೂ ಬಾತು ಇರ್ತದೆ, ಇದನ್ನು ಮನೆಯವರೆಲ್ಲ ಕೂತು ಮಾತಾಡಿ ಆಮೇಲೆ ತನ್ನಿ. ಮತ್ತೆ ಫ್ಲಾಟಿನ ಬಾಲ್ಕನಿಗೆ ಬಾತು ಬೇಡವೇ ಬೇಡ. ಅದಕ್ಕೆ ಹಿಕ್ಕೆ ಹಾಕ್ಲಿಕ್ಕೆ ಒಂದು ಜಾಗ ಅಂತ ಕಲಿಸ್ಲಿಕ್ಕೆ ಆಗುದಿಲ್ಲ, ಹದಿನೈದಿಪ್ಪತ್ತು ನಿಮಿಷಕ್ಕೊಮ್ಮೆ ಹೋಗ್ತಾ ಇರ್ತದೆ, ಅದೂ ನೀರು ನೀರು.

ಯಾವಾಗ ತರುದು ಅನ್ನುದೂ ಮುಖ್ಯ. ನಮ್ಮಲ್ಲಿ ಜಾತ್ರೆ ಎಲ್ಲ ಪತ್ತನಾಜೆಗೆ ಮುಗೀತದೆ, ಮೇ ಕೊನೆಯ ವಾರ, ಅದರ ಸ್ವಲ್ಪ ಮೊದಲು ಜಾತ್ರೆ ಸಂತೆಯಲ್ಲಿ ಮರಿ ತಂದವರ ಪಾಡು ಏನಾಗ್ತದೆ ಅಂದ್ರೆ, ಮರಿಗೆ ಎರಡು ಮೂರು ವಾರ ಆಗುವಾಗ ಮಳೆ ಹಿಡಿದಾಗಿರ್ತದೆ, ಮೈಮೇಲೆ ಇನ್ನೂ ಬರೀ ತುಪ್ಪಳ, ಬಿಸಿಲು ಇಲ್ಲ, ಕರೆಂಟು ಇಲ್ಲ. ಮರಿಗೆ ಪೂರ್ತಿ ಗರಿ ಬರ್ಲಿಕ್ಕೆ ಏಳೆಂಟು ವಾರ ಬೇಕು. ಆದ್ದರಿಂದ ಡಿಸೆಂಬರಿಂದ ಮಾರ್ಚ್ ಒಳಗೆ ತನ್ನಿ, ಮಳೆ ಶುರು ಆಗುವಾಗ ಅದು ದೊಡ್ಡ ಬಾತು ಆಗಿರ್ತದೆ. ಬಣ್ಣ ಹಾಕಿದ ಮರಿ, ಗುಲಾಬಿ ಹಸಿರು ಎಲ್ಲ, ಅದನ್ನು ದಯವಿಟ್ಟು ತಗೊಳ್ಬೇಡಿ, ಬಣ್ಣದ ನೀರಲ್ಲಿ ಅದ್ದಿ ತಂಪಾದ ಮರಿ ಅವು, ನೀವು ದುಡ್ಡು ಕೊಟ್ರೆ ಮುಂದಿನ ಜಾತ್ರೆಗೆ ಇನ್ನೊಂದು ಬುಟ್ಟಿ ಬರ್ತದೆ. ತಗೊಳ್ಳುವಾಗ ಮರಿಯನ್ನು ನೆಲದ ಮೇಲೆ ಬಿಟ್ಟು ನೋಡಿ, ನೆಟ್ಟಗೆ ನಿಂತು ಓಡ್ಬೇಕು, ಕಣ್ಣು ಒಣಗಿರ್ಬೇಕು, ಹಿಂದುಗಡೆ ಹಿಕ್ಕೆ ಅಂಟಿರ್ಬಾರ್ದು, ಹೊಕ್ಕುಳ ಮುಚ್ಚಿರ್ಬೇಕು.

ಮರಿ ಮನೆಗೆ ಬಂದ ಮೇಲೆ

ದೊಡ್ಡ ರಟ್ಟಿನ ಪೆಟ್ಟಿಗೆ ಅಥವಾ ಪ್ಲಾಸ್ಟಿಕ್ ಟಬ್ಬು ಸಾಕು. ಅಡಿಗೆ ಬರೀ ಪೇಪರ್ ಹಾಕ್ಬೇಡಿ, ಚಂಡಿ ಆದ ಪೇಪರಿನ ಮೇಲೆ ಕಾಲು ಜಾರಿ ಜಾರಿ ಎರಡೂ ಕಾಲು ಬದಿಗೆ ಹೋಗ್ತದೆ, ಆಮೇಲೆ ಸರಿ ಮಾಡ್ಲಿಕ್ಕೆ ಕಷ್ಟ. ಮೊದಲ ನಾಲ್ಕೈದು ದಿನ ಹಳೆ ಟವೆಲ್, ದಿನಕ್ಕೆ ಎರಡು ಸಲ ಬದಲಿಸಿ, ಆಮೇಲೆ ಒಣಗಿದ ಮರದ ಹುಡಿ ಹಾಕಿ, ತೀರ ನುಣ್ಣಗಿನದ್ದು ಬೇಡ, ಕೊಕ್ಕಿನ ತೂತಿಗೆ ಹೋಗ್ತದೆ, ಚಿಕ್ಕ ಚಿಕ್ಕ ಚಕ್ಕೆ ಇರುವಂಥದ್ದು ಒಳ್ಳೇದು. ಶಾಖಕ್ಕೆ 60 ವ್ಯಾಟಿನ ಹಳೆ ಕಾಲದ ಬಲ್ಬು ಪೆಟ್ಟಿಗೆಯ ಒಂದು ಮೂಲೆಗೆ ತೂಗು ಹಾಕಿ, ಎಲ್‌ಇಡಿ ಬಲ್ಬಿಂದ ಪ್ರಯೋಜನ ಇಲ್ಲ, ಅದ್ರಲ್ಲಿ ಶಾಖವೇ ಇಲ್ಲ. ಮೊದಲ ವಾರ ಬಲ್ಬಿನ ಅಡಿಯಲ್ಲಿ 32 ಡಿಗ್ರಿ, ಆಮೇಲೆ ವಾರಕ್ಕೆ 3 ಡಿಗ್ರಿಯ ಹಾಗೆ ಇಳಿಸುದು. ಥರ್ಮಾಮೀಟರ್ ಇಲ್ಲದಿದ್ರೂ ಪರ್ವಾಗಿಲ್ಲ, ಮರಿಗಳೇ ಹೇಳ್ತವೆ: ಬಲ್ಬಿನಡಿ ಒಂದರ ಮೇಲೆ ಒಂದು ಹತ್ತಿ ಕೂಗಿದ್ರೆ ಚಳಿ, ಎದುರು ಮೂಲೆಗೆ ಹೋಗಿ ಬಾಯಿ ತೆರೆದು ಕೂತ್ರೆ ಸೆಕೆ, ಅಲ್ಲಲ್ಲಿ ಹರಡಿ ಮಲಗಿದ್ರೆ ಸರಿ ಉಂಟು ಅಂತ ಲೆಕ್ಕ. ನಮ್ಮ ಮಾರ್ಚ್ ಎಪ್ರಿಲ್ ಹಗಲಿಗೆ ಬಲ್ಬೇ ಬೇಡ, ಹೊರಗೇ 33 ಡಿಗ್ರಿ ಇರ್ತದೆ, ರಾತ್ರಿಗೆ ಮಾತ್ರ ಹಾಕಿ. ಕರೆಂಟು ಹೋದ್ರೆ ಒಂದು ಬಾಟ್ಲಿಗೆ ಬಿಸಿನೀರು ತುಂಬಿಸಿ ಬಟ್ಟೆ ಸುತ್ತಿ ಪಕ್ಕದಲ್ಲಿ ಮಲಗ್ಸಿ ಇಡಿ, ಒಂದೆರಡು ಗಂಟೆಗೆ ಅದು ಸಾಕಾಗ್ತದೆ.

ಈಗ ನೀರಿನ ವಿಷಯ, ಮರಿಗಳು ಹೆಚ್ಚು ಹೋಗುದು ಇಲ್ಲೇ. ಬಾತಿನ ಬಾಲದ ಬುಡದಲ್ಲಿ ಎಣ್ಣೆಯ ಗ್ರಂಥಿ ಒಂದುಂಟು, ಅದರ ಎಣ್ಣೆಯನ್ನು ಕೊಕ್ಕಿಂದ ಮೈಗೆಲ್ಲ ಹಚ್ಚಿಕೊಳ್ತದೆ, ಹಾಗಾಗಿ ನೀರು ಜಾರಿ ಹೋಗ್ತದೆ. ತಾಯಿಯ ಜೊತೆ ಇರುವ ಮರಿಗೆ ತಾಯಿಯ ಮೈಯ ಎಣ್ಣೆ ಹತ್ತಿರ್ತದೆ, ಅದಕ್ಕೇ ಎರಡನೇ ದಿನಕ್ಕೇ ಈಜ್ತದೆ. ನಾವು ಪೆಟ್ಟಿಗೆಯಲ್ಲಿ ತಂದ ಮರಿಗೆ ತಾಯಿ ಇಲ್ಲ, ಅದರದ್ದೇ ಗ್ರಂಥಿ ಕೆಲಸ ಮಾಡ್ಲಿಕ್ಕೆ ಇನ್ನೂ ಟೈಮ್ ಉಂಟು, ಬಕೆಟಿಗೆ ಬಿಟ್ರೆ ಹತ್ತೇ ನಿಮಿಷದಲ್ಲಿ ಮೈಯೆಲ್ಲ ನೆನೆದು ಚಳಿ ಹಿಡಿದು ಸಾಯ್ತದೆ. ಒಂದು ವಾರ ಆದ್ಮೇಲೆ ತಟ್ಟೆಯಲ್ಲಿ ಉಗುರು ಬೆಚ್ಚಗಿನ ನೀರು ಅದರ ಕಾಲು ಮುಳುಗುವಷ್ಟು ಇಟ್ಟು ಐದು ನಿಮಿಷ ಬಿಡಿ, ಪಕ್ಕದಲ್ಲೇ ಕೂತಿರಿ, ಎತ್ತಿ ಚೆನ್ನಾಗಿ ಒರೆಸಿ ಬಲ್ಬಿನಡಿಗೆ ಬಿಡಿ. ಆದ್ರೆ ಕುಡಿಯುವ ನೀರು ಮಾತ್ರ ಕೊಕ್ಕು ತೂತಿನವರೆಗೆ ಮುಳುಗುವಷ್ಟು ಆಳ ಇರ್ಬೇಕು. ಹತ್ತಿರ ಕೂತು ನೋಡಿ, ಒಂದು ಬಾಯಿ ಫೀಡು ತಿಂದು ಓಡಿ ಹೋಗಿ ಕೊಕ್ಕು ಮುಳುಗಿಸ್ತದೆ, ಮೂಗಿನ ತೂತಿಂದ ಗುಳುಗುಳು ಅಂತ ಗುಳ್ಳೆ ಬರ್ತದೆ, ತಲೆ ಕೊಡವಿ ಪುನಃ ಫೀಡಿಗೆ ಓಡ್ತದೆ. ಹಾಗೆ ತೊಳೆದುಕೊಳ್ಳದಿದ್ರೆ ಮೂಗು ಕಟ್ಟಿ ಕಣ್ಣು ಅಂಟಿ ಹೋಗ್ತದೆ. ಫೀಡು ಇಟ್ಟಲ್ಲಿ ನೀರು ಇರ್ಲೇಬೇಕು, ನೀರಿಲ್ಲದೆ ಒಣ ಫೀಡು ತಿಂದ್ರೆ ಗಂಟಲಲ್ಲಿ ಸಿಕ್ಕಿಕೊಳ್ತದೆ. ಐಸ್‌ಕ್ರೀಮ್ ಡಬ್ಬದ ಮುಚ್ಚಳದಲ್ಲಿ ತಲೆ ಹೋಗುವಷ್ಟೇ ತೂತು ಮಾಡಿ ನೀರು ತುಂಬಿಸಿ ಇಟ್ರೆ ಪೆಟ್ಟಿಗೆ ಅಷ್ಟು ಚಂಡಿ ಆಗುದಿಲ್ಲ.

ಎಂತ ತಿನ್ಸುದು

ಅಂಗಡಿಯಲ್ಲಿ ಬಾತಿನ ಫೀಡು ಅಂತ ಸಿಗುದು ಅಪರೂಪ, ಕೋಳಿ ಮರಿಗೆ ಮೊದಲ ವಾರಗಳಲ್ಲಿ ಹಾಕುವ ಸ್ಟಾರ್ಟರ್ ಫೀಡು ಸಿಗ್ತದೆ, ಅದು ಆಗ್ತದೆ, ಆದ್ರೆ ಎರಡು ಮಾತು. ಒಂದು, ಮದ್ದು ಸೇರಿಸದ ಫೀಡು ಕೇಳಿ ತಗೊಳ್ಳಿ, ಕೋಳಿಗೆ ರಕ್ತಭೇದಿ ಬಾರದ ಹಾಗೆ ಹಾಕುವ ಕೆಲವು ಮದ್ದು ಬಾತಿಗೆ ಆಗುದಿಲ್ಲ, ಅದು ತಿನ್ನುದೂ ಕೋಳಿಗಿಂತ ಜಾಸ್ತಿ. ಎರಡು, ಬಾತಿನ ಮರಿಗೆ ನಯಾಸಿನ್ ಅನ್ನುವ ಬಿ3 ವಿಟಮಿನ್ ಕೋಳಿ ಮರಿಗಿಂತ ತುಂಬ ಜಾಸ್ತಿ ಬೇಕು, ಕೆಜಿ ಫೀಡಿಗೆ 55 ಮಿಲಿಗ್ರಾಂನ ಹತ್ರ. ಕಡಿಮೆ ಆದ್ರೆ ಎರಡು ಮೂರು ವಾರದಲ್ಲಿ ಮೊಣಗಂಟು ದಪ್ಪ ಆಗಿ ಕಾಲು ಬಿಲ್ಲಿನ ಹಾಗೆ ಬಗ್ಗಿ ಮರಿ ಕೂತಲ್ಲೇ ಕೂರ್ತದೆ, ಜನ ಅದಕ್ಕೆ ವಾತ ಅಂತ ಎಣ್ಣೆ ತಿಕ್ಕುದು ನೋಡಿದ್ದೇನೆ, ಎಣ್ಣೆಯಿಂದ ಏನೂ ಆಗುದಿಲ್ಲ. ಬ್ರೂವರ್ಸ್ ಯೀಸ್ಟ್ ಅಂತ ಹುಡಿ ಸಿಗ್ತದೆ, ಒಂದು ಕಪ್ ಫೀಡಿಗೆ ಒಂದು ದೊಡ್ಡ ಚಮಚ ಸೇರಿಸಿ ಎಂಟ್ಹತ್ತು ವಾರ ಕೊಡಿ. ಬೇಕರಿಯಲ್ಲಿ ಬ್ರೆಡ್ ಉಬ್ಬಿಸ್ಲಿಕ್ಕೆ ಹಾಕುವ ಯೀಸ್ಟ್ ಅಲ್ಲ, ಅದನ್ನು ಕೊಡ್ಲೇಬೇಡಿ. ನಮ್ಮಲ್ಲಿ ಇನ್ನೊಂದು ಸುಲಭ ಉಂಟಲ್ಲ, ಬೂತಾಯಿ. ಉಪ್ಪು ಹಾಕದೆ ಬೇಯಿಸಿ ಮುಳ್ಳು ತೆಗೆದು ಸ್ವಲ್ಪ ಹಿಚುಕಿ ವಾರಕ್ಕೆ ಎರಡು ಮೂರು ಸಲ ಕೊಟ್ರೆ ನಯಾಸಿನ್ನೂ ಆಯ್ತು ಪ್ರೋಟೀನೂ ಆಯ್ತು. ಒಣಮೀನು ಬೇಡ, ಅದರ ಉಪ್ಪಿಗೇ ಮರಿ ಸಾಯ್ಬಹುದು.

ಮೂರು ವಾರ ಆದ್ಮೇಲೆ ಪ್ರೋಟೀನ್ ಇಳಿಸಿ, ಸ್ಟಾರ್ಟರಿನ 20 ಶೇಕಡದಿಂದ 16ರ ಹತ್ರಕ್ಕೆ, ಅಂದ್ರೆ ಗ್ರೋವರ್ ಫೀಡು ತನ್ನಿ, ಇಲ್ಲಾಂದ್ರೆ ಸ್ಟಾರ್ಟರಿಗೆ ನುಚ್ಚು ತೌಡು ಬೆರೆಸಿ. ಬೇಗ ಬೇಗ ದಪ್ಪ ಮಾಡ್ಲಿಕ್ಕೆ ಹೋದ್ರೆ ರೆಕ್ಕೆಯ ತುದಿ ಹೊರಗೆ ತಿರುಚಿಕೊಳ್ತದೆ, ಶುರುವಿನಲ್ಲೇ ಕಂಡ್ರೆ ಡಾಕ್ಟರ ಹತ್ರ ಸರಿಯಾಗಿ ಮಡಚಿ ಪಟ್ಟಿ ಹಾಕಿಸಿದ್ರೆ ಸರಿ ಆಗ್ತದೆ, ಬಿಟ್ರೆ ಜೀವನಪರ್ಯಂತ ಹಾಗೇ. ದೊಡ್ಡ ಬಾತಿಗೆ ದಿನಕ್ಕೆ ಸಾಧಾರಣ 150 ಗ್ರಾಂ ಫೀಡು, ಜೊತೆಗೆ ಅಂಗಳ ತೋಟದಲ್ಲಿ ಅದೇ ಹುಡುಕಿ ತಿಂದದ್ದು. ಮುಳ್ಳುಸೌತೆ ಸಿಪ್ಪೆ, ಹರಿವೆ ಸೊಪ್ಪು ಸ್ವಲ್ಪ, ನೀರಲ್ಲಿ ತೇಲುವ ಅಜೋಲ್ಲ ಗಿಡ ಬೆಳೆಸಿದ್ರೆ ಅದು, ಕುಚ್ಚಲಕ್ಕಿ ಅನ್ನ ಒಂದು ಮುಷ್ಟಿ, ಇದೆಲ್ಲ ಆಗ್ತದೆ. ಮಳೆ ಬಂದ ಕೂಡ್ಲೆ ತೋಟದಲ್ಲಿ ಬಸವನಹುಳು ಏಳ್ತದಲ್ಲ, ಬಾತಿಗೆ ಅದು ಹಬ್ಬ. ಬ್ರೆಡ್, ಬಿಸ್ಕೆಟ್, ಮಿಕ್ಸ್ಚರ್, ಬೆಣ್ಣೆಹಣ್ಣು, ಚಾಕ್ಲೇಟು ಬೇಡ. ಮಕ್ಕಳಿಗೆ ಬ್ರೆಡ್ಡಿನ ವಿಷಯ ಗಟ್ಟಿಯಾಗಿ ಹೇಳಿಡಿ. ಹೊಟ್ಟೆಯೊಳಗೆ ಸಣ್ಣ ಕಲ್ಲು ಇಲ್ಲದೆ ಬಾತಿಗೆ ತಿಂದದ್ದು ಅರೆಯುದಿಲ್ಲ, ಒಂದು ತಟ್ಟೆಯಲ್ಲಿ ದೊರಗು ಹೊಯಿಗೆ ಇಡಿ, ಕಡಲಿಂದ ತಂದದ್ದಾದ್ರೆ ಉಪ್ಪು ಹೋಗುವ ಹಾಗೆ ನಾಲ್ಕೈದು ನೀರಲ್ಲಿ ತೊಳೆದು ಒಣಗಿಸಿ.

ಈಗ ಬೂಸ್ಟು. ದಯವಿಟ್ಟು ಈ ಪ್ಯಾರಾ ಹಾರಿಸ್ಬೇಡಿ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕಿಂತ ಹೆಚ್ಚು ಟರ್ಕಿ ಕೋಳಿ, ಜೊತೆಗೆ ಬಾತಿನ ಮರಿಗಳೂ ಒಟ್ಟಿಗೆ ಸತ್ತವು, ಹುಡುಕಿದ್ರೆ ಬ್ರೆಜಿಲಿನಿಂದ ಬಂದ ನೆಲಗಡಲೆ ಹಿಂಡಿಯಲ್ಲಿ ಬೂಸ್ಟು, ಆ ಬೂಸ್ಟಿನ ವಿಷಕ್ಕೇ ಆಮೇಲೆ ಅಫ್ಲಟಾಕ್ಸಿನ್ ಅಂತ ಹೆಸರಿಟ್ಟದ್ದು. ಬಾತಿನ ಮರಿ ಆ ವಿಷಕ್ಕೆ ಎಷ್ಟು ಸೂಕ್ಷ್ಮ ಅಂದ್ರೆ, ಫೀಡಿನಲ್ಲಿ ವಿಷ ಉಂಟಾ ಇಲ್ವಾ ಅಂತ ನೋಡ್ಲಿಕ್ಕೆ ಲ್ಯಾಬಿನಲ್ಲಿ ಬಾತಿನ ಮರಿಯನ್ನೇ ಬಳಸ್ತಿದ್ರು. ಕೋಳಿ ತಡಕೊಳ್ಳುವ ಬೂಸ್ಟು ಬಾತಿನ ಲಿವರ್ ತೆಗೀತದೆ. ಮತ್ತೆ ನಮ್ಮ ಜುಲೈ, ಆಟಿ ತಿಂಗಳು, ಗೋಡೆಗೇ ಬೂಸ್ಟು ಹಿಡಿಯುವ ಊರು ಇದು, ಮೂಲೆಯಲ್ಲಿ ಬಾಯಿ ತೆರೆದಿಟ್ಟ ಫೀಡಿನ ಚೀಲ ಒಂದು ವಾರ ತಡೀಲಿಕ್ಕಿಲ್ಲ. ಆದ್ದರಿಂದ ಮಳೆಗಾಲದಲ್ಲಿ ಹತ್ತು ಹದಿನೈದು ದಿನಕ್ಕೆ ಬೇಕಾದಷ್ಟೇ ತನ್ನಿ, ಗಾಳಿ ಹೋಗದ ಡಬ್ಬದಲ್ಲಿ ಹಾಕಿ, ನೆಲಕ್ಕೆ ತಾಗದ ಹಾಗೆ ಹಲಗೆಯ ಮೇಲಿಡಿ, ಒಣಗಿದ ಕೈಯಿಂದ ಮಾತ್ರ ತೆಗೀರಿ. ನೆಲಗಡಲೆ ಹಿಂಡಿ, ಜೋಳದ ಹುಡಿ ಈ ನಾಲ್ಕು ತಿಂಗಳು ಬೇಡವೇ ಬೇಡ ಅಂತ ನನ್ನ ಅಭಿಪ್ರಾಯ. ಗಂಟು ಕಟ್ಟಿದ, ಮುಗ್ಗಲು ವಾಸನೆ ಬಂದ ಫೀಡನ್ನು ಬಿಸಿಲಿಗೆ ಹಾಕಿ ಒಣಗಿಸಿ ಕೊಡುವ ಅಂತ ಯೋಚಿಸ್ಬೇಡಿ, ಬೂಸ್ಟು ಒಣಗಿದ್ರೂ ವಿಷ ಹಾಗೇ ಇರ್ತದೆ, ಬೇಯಿಸಿದ್ರೂ ಹೋಗುದಿಲ್ಲ. ದನಕ್ಕೂ ಹಾಕ್ಬೇಡಿ, ಹೊಂಡ ತೆಗೆದು ಮುಚ್ಚಿ. ತಟ್ಟೆಯಲ್ಲಿ ಉಳಿದ ಚಂಡಿ ಫೀಡನ್ನು ಅದೇ ಸಂಜೆ ಚೆಲ್ಲಿ ತಟ್ಟೆ ತೊಳೆದಿಡಿ.

ತೋಟ ಇರುವವರಿಗೆ ಇನ್ನೂ ಎರಡು ಮೂರು ವಿಷಯ. ಅಡಿಕೆಗೆ ಕೊಳೆರೋಗದ ಮದ್ದು ಬಿಡುವಾಗ, ಬೋರ್ಡೋ ಅಂದ್ರೆ ಮೈಲುತುತ್ತು ಅಲ್ವಾ, ಬಾತನ್ನು ಗೂಡಲ್ಲೇ ಇಡಿ, ಅದರ ಟಬ್ಬನ್ನು ಕವುಚಿ ಹಾಕಿ, ಮದ್ದು ಕಲಸಿದ ಡ್ರಮ್ಮಿನ ಹತ್ರ ನಿಂತ ನೀರು ಬಾತು ಕುಡಿಯದ ಹಾಗೆ ನೋಡಿ. ಬಸವನಹುಳು ಸಾಯ್ಲಿಕ್ಕೆ ಹಾಕುವ ಗುಳಿಗೆ ಮೆಟಾಲ್ಡಿಹೈಡ್, ಅದನ್ನೂ ತಿಂತದೆ, ಅದು ತಿಂದು ಸತ್ತ ಹುಳವನ್ನೂ ತಿಂತದೆ, ಬಾತು ಇರುವಲ್ಲಿ ಆ ಗುಳಿಗೆ ಬೇಡ. ಇಲಿ ಪಾಷಾಣವೂ ಹಾಗೇ. ಮನೆ ಕೆಲಸ ಆದ್ಮೇಲೆ ಮೊಳೆ, ಸ್ಕ್ರೂ, ಸರಿಗೆ ತುಂಡು ಹೆಕ್ಕಿ ತೆಗೀರಿ, ಹೊಳೆಯುವುದನ್ನು ಕಂಡ್ರೆ ನುಂಗುವ ಬುದ್ಧಿ ಬಾತಿಗೆ, ಸತುವಿನ ವಿಷ ಏರಿ ಸಾಯ್ತದೆ.

ಗೂಡು ಮತ್ತೆ ನೆಲ

ಹಗಲು ಬಾತು ಹೊರಗೇ ಇರ್ಲಿ, ಜೋರು ಮಳೆಯಲ್ಲೂ ಇರ್ಲಿ, ದೊಡ್ಡ ಬಾತಿಗೆ ಮಳೆ ಅಂದ್ರೆ ಖುಷಿ. ಆದ್ರೆ ಸಂಜೆ ಕತ್ತಲಾಗುವ ಮೊದಲು ಗೂಡಿಗೆ. ಒಂದು ಬಾತಿಗೆ ನಾಲ್ಕು ಚದರಡಿ ಜಾಗ ಇದ್ರೆ ಸಾಕು, ಅದು ಕೋಳಿಯ ಹಾಗೆ ಮೇಲೆ ಹತ್ತಿ ಕೂರುದಿಲ್ಲ, ನೆಲದಲ್ಲೇ ಮಲಗ್ತದೆ, ಹಾಗಾಗಿ ಎತ್ತರಕ್ಕಿಂತ ಅಗಲ ಮುಖ್ಯ. ಗೂಡಿನ ನೆಲವನ್ನು ಅಂಗಳಕ್ಕಿಂತ ಒಂದಡಿ ಎತ್ತರ ಮಾಡಿ, ಬಾಗಿಲಿಗೆ ಏಣಿ ಅಲ್ಲ, ಅಗಲದ ಇಳಿಜಾರು ಹಲಗೆ ಇಡಿ. ಮಾಡಿನ ಇಳಿಕೆಯನ್ನು ಗಾಳಿ ಮಳೆ ಬರುವ ಪಡುಬದಿಗೆ ಜಾಸ್ತಿ ಎಳೀರಿ, ಇಲ್ಲದಿದ್ರೆ ಎರಚಲು ನೇರ ಒಳಗೆ ಬರ್ತದೆ. ಆದ್ರೆ ನಾಲ್ಕು ಬದಿಯೂ ಟಾರ್ಪಾಲು ಕಟ್ಟಿ ಉಸಿರು ಕಟ್ಟಿಸ್ಬೇಡಿ, ಮಾಡಿನ ಕೆಳಗೆ ಒಂದು ಗೇಣು ಜಾಲಿ ಬಿಡಿ, ಬಾತಿನ ಉಸಿರಲ್ಲೂ ಹಿಕ್ಕೆಯಲ್ಲೂ ನೀರಿನ ಅಂಶ ತುಂಬ, ಒಳಗಿನ ಹಸಿ ಹೊರಗೆ ಹೋಗ್ಬೇಕು. ಗೂಡಿನೊಳಗೆ ರಾತ್ರಿ ನೀರು ಇಡ್ಬೇಡಿ, ಫೀಡೂ ಇಡ್ಬೇಡಿ, ದೊಡ್ಡ ಬಾತು ಬೆಳಿಗ್ಗೆವರೆಗೆ ಎರಡೂ ಇಲ್ಲದೆ ಇರ್ತದೆ, ಆಗ ಹಾಸು ಒಣಗಿ ಉಳೀತದೆ. ಹಾಸಿಗೆ ಉಮಿ ಅಥವಾ ಮರದ ಹುಡಿ. ಬೈಹುಲ್ಲು ಬೇಸಿಗೆಗೆ ಒಳ್ಳೇದು, ಮಳೆಗಾಲದಲ್ಲಿ ಅದಕ್ಕೆ ಬೂಸ್ಟು ಹಿಡಿದು ಅದರ ಹುಡಿ ಶ್ವಾಸಕೋಶಕ್ಕೆ ಹೋದ್ರೆ ಬಾತು ಬಾಯಿ ತೆರೆದು ಏದುಸಿರು ಬಿಡ್ತದೆ, ಅದಕ್ಕೆ ಮದ್ದು ಮಾಡುದು ತುಂಬ ಕಷ್ಟ. ಕೈ ಹಾಕಿದಾಗ ಹಸಿ ಕಂಡ್ರೆ ಆ ದಿನವೇ ಬದಲಿಸಿ, ತೆಗೆದದ್ದನ್ನು ತೆಂಗಿನ ಬುಡಕ್ಕೋ ಬಾಳೆ ಬುಡಕ್ಕೋ ಹಾಕಿ.

ಜಾಲಿ ವಿಷಯದಲ್ಲಿ ಕಂಜೂಸಿ ಬೇಡ. ಕೋಳಿ ಜಾಲಿಯನ್ನು ನಾಯಿ ಹರೀತದೆ, ಕೀರಿ ಸಣ್ಣ ಸಂದಿಯಲ್ಲಿ ನುಗ್ತದೆ, ಹೆಗ್ಗಣ ಅಡಿಯಿಂದ ತೋಡ್ತದೆ, ಹೆಬ್ಬಾವು ಮಳೆಗಾಲದಲ್ಲಿ ಬರ್ತದೆ. ಅರ್ಧ ಇಂಚಿನ ವೆಲ್ಡ್ ಮೆಶ್ ಹಾಕಿ, ಅಡಿಯಲ್ಲಿ ಹೊರಬದಿಗೆ ಒಂದಡಿ ಮಣ್ಣಿನೊಳಗೆ ಮಡಚಿ ಹೂಳಿ, ಚಿಲಕ ಕೊಕ್ಕೆ ಬೇಡ, ಬೋಲ್ಟ್ ಇರ್ಲಿ. ಮರಿಗಳನ್ನು ಹಗಲಲ್ಲೂ ತೆರೆದ ಅಂಗಳದಲ್ಲಿ ಬಿಡುದು ಬೇಡ, ಕಾಗೆ ಮತ್ತೆ ಗಿಡುಗ ಕ್ಷಣದಲ್ಲಿ ಎತ್ತಿಕೊಂಡು ಹೋಗ್ತದೆ.

ಕಾಲಿನ ವಿಷಯ ನಮ್ಮೂರಿನವರು ಸ್ಪೆಷಲ್ ಆಗಿ ನೋಡ್ಬೇಕು. ಯಾಕಂದ್ರೆ ನಮ್ಮ ಅಂಗಳ ಮುರಕಲ್ಲಿನದ್ದು, ಇಲ್ಲಾಂದ್ರೆ ಸಿಮೆಂಟು ಇಂಟರ್‌ಲಾಕು. ಬಾತಿನ ಪಾದ ನೀರಿಗೆ ಕೆಸರಿಗೆ ಮಾಡಿದ್ದು, ಮೆತ್ತಗಿನ ಚರ್ಮ. ಮುರಕಲ್ಲಿನ ದೊರಗಿಗೆ ಪಾದದಡಿ ಸಣ್ಣಗೆ ಗೀರು ಬೀಳ್ತದೆ, ಆ ಗೀರಿಗೆ ಚಂಡಿ ಹಾಸಿನ ಕೊಳಕು ಸೇರಿ ಒಳಗೆ ಕೀವು ಗಟ್ಟಿ ಆಗ್ತದೆ, ಬಂಬಲ್‌ಫುಟ್ ಅನ್ತಾರೆ ಇದಕ್ಕೆ. ವಾರಕ್ಕೊಮ್ಮೆ ಬಾತನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡು ಪಾದ ತಿರುಗಿಸಿ ಟಾರ್ಚ್ ಬಿಟ್ಟು ನೋಡಿ. ಪಾದದ ನಡುವಿನ ದಿಂಬಿನ ಹಾಗಿನ ಜಾಗದಲ್ಲಿ ಕಾಳುಮೆಣಸಿನಷ್ಟು ಕಪ್ಪು ಹೆಕ್ಕಳೆ ಕಂಡ್ರೆ, ಸುತ್ತ ಬಿಸಿ ಇದ್ರೆ, ಅದೇ. ಶುರುವಿನಲ್ಲಾದ್ರೆ ಎಪ್ಸಮ್ ಸಾಲ್ಟ್ ಹಾಕಿದ ಉಗುರು ಬೆಚ್ಚಗಿನ ನೀರಲ್ಲಿ ದಿನಾ ಹತ್ತು ನಿಮಿಷ ಕಾಲು ಇಟ್ಟು, ಒರೆಸಿ, ಪೊವಿಡೋನ್ ಅಯೋಡಿನ್ ಹಚ್ಚಿ, ಒಣಗಿದ ಹಾಸಿನಲ್ಲಿ ಬಿಟ್ರೆ ಕಡಿಮೆ ಆಗ್ತದೆ. ಕಾಲು ಊರದೆ ಕುಂಟಿದ್ರೆ, ಬಾವು ಬಂದಿದ್ರೆ ಡಾಕ್ಟರ ಹತ್ರ ಹೋಗಿ, ಮನೆಯಲ್ಲಿ ಬ್ಲೇಡು ಹಾಕ್ಲಿಕ್ಕೆ ಹೋಗ್ಬೇಡಿ. ಅಂಗಳದಲ್ಲಿ ಅದು ದಿನಾ ನಡೆಯುವ ದಾರಿಗೆ ಸ್ವಲ್ಪ ಹೊಯಿಗೆ ಹರಡಿ, ಅಥವಾ ಹಳೆ ರಬ್ಬರ್ ಮ್ಯಾಟ್ ಹಾಕಿ. ಮತ್ತೆ ಬಾತನ್ನು ಕಾಲು ಹಿಡಿದು ಎತ್ತಬಾರ್ದು, ಕೋಳಿ ಹಿಡಿದ ಹಾಗೆ ಅಲ್ಲ, ಎರಡು ಕೈಯಲ್ಲಿ ರೆಕ್ಕೆ ಸೇರಿಸಿ ಮೈ ಹಿಡಿದು, ಒಂದು ಕೈ ಹೊಟ್ಟೆಯಡಿ ಕೊಟ್ಟು ಎತ್ತಿ. ಅದರ ಕಾಲು ಸುಲಭದಲ್ಲಿ ಮುರೀತದೆ.

ಈಜ್ಲಿಕ್ಕೆ ಕೆರೆ ಬೇಡ. ಮಗು ಸ್ನಾನ ಮಾಡಿಸುವ ಪ್ಲಾಸ್ಟಿಕ್ ಟಬ್ಬು, ಅಥವಾ ಬಾವಿಗೆ ಹಾಕುವ ಸಿಮೆಂಟಿನ ರಿಂಗ್ ಒಂದು, ಅಡಿ ಮುಚ್ಚಿದ್ದು, ಒಳಗೆ ಹೊರಗೆ ಹತ್ತಿ ಇಳೀಲಿಕ್ಕೆ ಎರಡು ಕಲ್ಲು. ಗೂಡಿಂದ ದೂರ, ಇಳಿಜಾರಿನ ಕೆಳಬದಿಗೆ ಇಡಿ, ಚೆಲ್ಲಿದ ನೀರು ಗೂಡಿನ ಕಡೆ ಬರ್ಬಾರ್ದು. ಬೇಸಿಗೆಯಲ್ಲಿ ದಿನಾ ನೀರು ಬದಲಿಸಿ, ಎಪ್ರಿಲಲ್ಲಿ ಕೊಳೆತ ನೀರು, ಬತ್ತುವ ಹೊಂಡದ ಕೆಸರು ಇದ್ರಿಂದ ಬಾಟುಲಿಸಂ ಅನ್ನುವ ವಿಷದ ಕಾಯಿಲೆ ಬಂದು ಕುತ್ತಿಗೆ ಸೋತು ಬೀಳುದುಂಟು. ನೀರು ಬದಲಿಸದೆ ಬಿಟ್ಟ ಟಬ್ಬು ಸೊಳ್ಳೆಗೂ ಮನೆ, ಮಂಗಳೂರಲ್ಲಿ ಮಲೇರಿಯಾ ಡೆಂಗ್ಯೂ ಹೊಸತಲ್ಲ. ತೆರೆದ ಬಾವಿ ಇದ್ರೆ ಬಲೆ ಹಾಕಿ, ಬಾತು ಬಿದ್ರೆ ತೇಲ್ತದೆ ನಿಜ, ಆದ್ರೆ ಹತ್ತಿ ಬರ್ಲಿಕ್ಕಾಗದೆ ಸೋತು ಹೋಗ್ತದೆ.

ಮೊಟ್ಟೆ, ಕಾಯಿಲೆ

ಐದಾರು ತಿಂಗಳಲ್ಲಿ ಹೆಣ್ಣು ಮೊಟ್ಟೆ ಶುರು ಮಾಡ್ತದೆ, ಹೆಚ್ಚಾಗಿ ಬೆಳಗ್ಗಿನ ಜಾವ, ಹಾಗಾಗಿ ಎಂಟು ಗಂಟೆವರೆಗೆ ಗೂಡಲ್ಲೇ ಬಿಟ್ರೆ ಮೊಟ್ಟೆ ತೋಟದಲ್ಲಿ ಹುಡುಕುವ ಕೆಲಸ ಇಲ್ಲ. ಸುಣ್ಣದ ಅಂಶಕ್ಕೆ ಮರುವಾಯಿ ಚಿಪ್ಪು ತೊಳೆದು ಒಣಗಿಸಿ ಕುಟ್ಟಿ ಬೇರೆ ತಟ್ಟೆಯಲ್ಲಿ ಇಡಿ, ಬೇಕಾದಷ್ಟು ಅದೇ ತಿಂತದೆ, ಫೀಡಿಗೆ ಬೆರೆಸ್ಬೇಡಿ, ಮರಿಗೂ ಗಂಡಿಗೂ ಅದು ಬೇಡ. ಮೊಟ್ಟೆ ತಿನ್ನುವವರು ಪೂರ್ತಿ ಬೇಯಿಸಿ ತಿನ್ನಿ, ಹಾಫ್ ಬಾಯಿಲ್ ಬೇಡ. ಮರಿ ಮಾಡ್ಬೇಕಿದ್ರೆ 28 ದಿನ, ಮಸ್ಕೋವಿಗೆ 35, ಖಾಕಿ ಕ್ಯಾಂಬೆಲ್ ಸಾಧಾರಣ ಕಾವಿಗೆ ಕೂರುದಿಲ್ಲ, ಕಾವಿಗೆ ಕೂತ ಹೇಟೆಯ ಅಡಿಗೆ ಇಡ್ಬೇಕು. ಮೊಟ್ಟೆ ಇಡ್ಲಿಕ್ಕೆ ಆಗದೆ ಬಾಲ ಆಡಿಸ್ತಾ ಮುಕ್ಕುತ್ತಾ ಮೂಲೆಯಲ್ಲಿ ಕೂತ್ರೆ ಕಾಯ್ಬೇಡಿ, ಅದೇ ದಿನ ಡಾಕ್ಟರ್.

ಡಾಕ್ಟರ್ ಅಂದಾಗ, ಪೇಟೆಯ ಕ್ಲಿನಿಕ್ಕುಗಳಲ್ಲಿ ನಾಯಿ ಬೆಕ್ಕು ನೋಡುವವರೇ ಹೆಚ್ಚು, ಬಾತು ತರುವ ಮೊದಲೇ ಫೋನ್ ಮಾಡಿ ಹಕ್ಕಿ ನೋಡ್ತೀರಾ ಅಂತ ಕೇಳಿಟ್ಟುಕೊಳ್ಳಿ, ಕಾಯಿಲೆ ಬಂದ ದಿನ ಹುಡುಕುದಲ್ಲ. ಸರಕಾರಿ ಪಶು ಆಸ್ಪತ್ರೆಯಲ್ಲಿ ಡಕ್ ಪ್ಲೇಗ್ ಲಸಿಕೆಯ ಬಗ್ಗೆ ಕೇಳಿ. ಬಾತು ಕಾಯಿಲೆಯನ್ನು ತೋರಿಸಿಕೊಳ್ಳುದಿಲ್ಲ, ಗುಂಪಿಂದ ದೂರ ಕೂತ್ರೆ, ಹಿಕ್ಕೆ ಹಸಿರು ನೀರಾದ್ರೆ, ಗರಿ ಕೆದರಿ ನೀರಿಗೆ ಇಳೀದಿದ್ರೆ ಏನೋ ಉಂಟು ಅಂತ ತಿಳ್ಕೊಳ್ಳಿ. ಹಕ್ಕಿಜ್ವರದ ಸುದ್ದಿ ಬಂದಾಗ, ಕೇರಳದ ಆಲಪ್ಪುಳ ಕಡೆ 2014ರಲ್ಲೂ 2024ರಲ್ಲೂ ಬಾತುಗಳಲ್ಲಿ ಬಂದಿತ್ತು, ಆ ಸಮಯದಲ್ಲಿ ಹೊಸ ಬಾತು ತರ್ಬೇಡಿ, ಕಾಡುಹಕ್ಕಿ ಇಳಿಯುವ ಗದ್ದೆಗೆ ಬಿಡ್ಬೇಡಿ, ಕಾರಣ ಇಲ್ಲದೆ ಹಕ್ಕಿ ಸತ್ರೆ ಕೈಯಲ್ಲಿ ಮುಟ್ಟದೆ ಪಶು ಇಲಾಖೆಗೆ ತಿಳಿಸಿ. ದಿನನಿತ್ಯದ ಮಟ್ಟಿಗೆ, ಬಾತು ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೀರಿ, ಸಾಲ್ಮೊನೆಲ್ಲ ಅನ್ನುವ ರೋಗಾಣು ಬಾತಿನಲ್ಲಿ ಏನೂ ತೋರಿಸದೆ ಇರ್ತದೆ, ಐದು ವರ್ಷದ ಒಳಗಿನ ಮಕ್ಕಳು ಮರಿಗೆ ಮುತ್ತು ಕೊಡುದು ಬೇಡ, ಅಡಿಗೆ ಕೋಣೆಗೆ ಬಾತು ಬರುದು ಬೇಡ. ಮಳೆಗಾಲದಲ್ಲಿ ಅದು ಕೆದಕಿ ಮಾಡಿದ ಕೆಸರಲ್ಲಿ ಬರಿಗಾಲಲ್ಲಿ ಇಳಿಯುದು ಬೇಡ, ಕಾಲಲ್ಲಿ ಗಾಯ ಇದ್ರಂತೂ ಬೇಡವೇ ಬೇಡ, ಚೆಲ್ಲಿದ ಫೀಡಿಗೆ ಇಲಿ ಬರ್ತದೆ, ಇಲಿಜ್ವರ ನಮ್ಮ ಎರಡೂ ಜಿಲ್ಲೆಯಲ್ಲಿ ಪ್ರತಿ ಮಳೆಗಾಲದಲ್ಲಿ ಉಂಟು. ಗಂಬೂಟು ಹಾಕಿ.

ಮನೆಯವರೆಲ್ಲ ಒಟ್ಟಿಗೆ ಮದುವೆಗೋ ಬೆಂಗಳೂರಿಗೋ ಹೋಗುದಿದ್ರೆ ಬಾತನ್ನು ಎರಡು ದಿನಕ್ಕೆ ಫೀಡು ಇಟ್ಟು ಬಿಟ್ಟು ಹೋಗ್ಲಿಕ್ಕೆ ಬರುದಿಲ್ಲ. ಪಕ್ಕದ ಮನೆಯ ಅಕ್ಕನಿಗೋ ತೋಟ ನೋಡ್ಕೊಳ್ಳುವವರಿಗೋ ಒಂದು ವಾರ ಮೊದಲೇ ಜೊತೆಯಲ್ಲಿ ಕರೆದು ತೋರಿಸಿ, ಅವರ ಕೈಯಿಂದಲೇ ಎರಡು ದಿನ ಫೀಡು ಹಾಕಿಸಿ, ಬಾತು ಅವರ ಸ್ವರಕ್ಕೆ ಗೂಡಿಗೆ ಬರ್ಬೇಕು. ಡಬ್ಬದಲ್ಲಿ ದಿನದ ಫೀಡು ಅಳೆದು ಬೇರೆ ಬೇರೆ ಕಟ್ಟಿಡಿ, ಡಾಕ್ಟರ ನಂಬರ್ ಗೂಡಿನ ಬಾಗಿಲಿಗೆ ಅಂಟಿಸಿ, ಸಂಜೆ ಆರೂವರೆಗೆ ಫೋನ್ ಮಾಡಿ ಬೋಲ್ಟ್ ಹಾಕಿದ್ರಾ, ಹಾಸು ಒಣಗಿ ಉಂಟಾ ಅಂತ ಕೇಳಿ.